ಊರು ಮುಟ್ಟದ ಗಂಟಿಗೆ ಯಾರು ಹೊಣೆ?

ಆತ್ಮೀಯ ಕೇಳುಗರೇ, ನಮಸ್ಕಾರ.

ಇಳಕಲ್ಲಿನ ನಮ್ಮ ಸೀರೆ ಅಂಗಡಿಯಿಂದ ಕಳೆದ ವರ್ಷ ದೀಪಾವಳಿಗೆ ಎಂಟು ದಿನ ಮೊದಲು ಸೊಲ್ಲಾಪುರದ ಶಿಕ್ಷಕಿಯೊಬ್ಬರಿಗೆ ನಾಲ್ಕು ಸೀರೆಗಳನ್ನು ಕಳಿಸಿದ್ದೆ. ನಾಲ್ಕೂ ಟೋಪ್ ತೆನಿ ಎಂಬ ನಮ್ಮ ಇಳಕಲ್ ವಿನ್ಯಾಸದ ಸೆರಗಿನವು. ಎರಡಕ್ಕೆ ಗೋಮಿ ಎಂಬ ವಿನ್ಯಾಸದ ದಡಿ, ಅಂದರೆ ಅಂಚು, ಇತ್ತು. ಅವುಗಳ ಬೆಲೆ 11,200 ರೂಪಾಯಿ ಮೊದಲೇ ನನ್ನ ಖಾತೆಗೆ ಬಂದಿತ್ತು. ಕೊರಿಯರ್ ಕಚೇರಿಯಲ್ಲಿ ತೂಕ ಮಾಡಿಸಿ, 240 ರೂಪಾಯಿ ಕೊಟ್ಟು, ರಶೀದಿಯನ್ನು ಓದದೆ ಜೇಬಿಗೆ ಹಾಕಿಕೊಂಡು ಬಂದೆ. ಐದನೆಯ ದಿನ ನನ್ನ ಫೋನಿಗೆ ಪಾರ್ಸಲ್ ತಲುಪಿದೆ ಎಂಬ ಸಂದೇಶ ಬಂತು. ಆರನೆಯ ದಿನ ಆ ತಾಯಿಯೇ ಫೋನ್ ಮಾಡಿದರು: "ಅಣ್ಣಾರ, ಸೀರಿ ಇನ್ನೂ ಬಂದಿಲ್ರಿ. ನಾಡದ ಹಬ್ಬ ಐತಿ."

ಅಂದು ನನ್ನ ಮನಸ್ಸಿಗೆ ಮೊದಲು ಬಂದ ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ನಾನು ಕೊರಿಯರಿನವರ ಕೈಗೆ ಒಪ್ಪಿಸಿಯಾಗಿದೆ, ರಶೀದಿಯೂ ಇದೆ, ಇನ್ನು ಅದು ಅವರಿಗೂ ನಿಮಗೂ ಬಿಟ್ಟದ್ದು ಎಂದು ಹೇಳಿಬಿಡಬೇಕೆಂದು ನನಗೆ ಅನ್ನಿಸಿತ್ತು. ನಮ್ಮ ಪೇಟೆಯಲ್ಲಿ ಹಾಗೆ ಹೇಳುವವರು ಬಹಳ ಜನರಿದ್ದಾರೆ. ಅವರ ಮಾತಿಗೆ ಕಾನೂನಿನ ಆಧಾರವೇ ಇಲ್ಲವೆಂದೂ ಅಲ್ಲ. ಸರಕು ಮಾರಾಟದ ಬಗೆಗಿನ 1930ರ ಕಾಯಿದೆಯ ಪ್ರಕಾರ, ಕೊಳ್ಳುವವನಿಗೆ ಕಳಿಸುವ ಸಲುವಾಗಿ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಅದನ್ನು ಕೊಳ್ಳುವವನಿಗೇ ಒಪ್ಪಿಸಿದಂತೆ ಎಂದು ಮೇಲ್ನೋಟಕ್ಕೆ ಭಾವಿಸಲಾಗುತ್ತದೆ. ಸರಕಿನ ಒಡೆತನ ಯಾರಿಗೆ ಹೋಯಿತೋ ಅದರ ನಷ್ಟದ ಭಾರವೂ ಸಾಮಾನ್ಯವಾಗಿ ಅವರ ತಲೆಗೇ ಹೋಗುತ್ತದೆ.

ಆದರೆ ಅದೇ ಕಾಯಿದೆ ಅಲ್ಲಿಗೇ ನಿಲ್ಲುವುದಿಲ್ಲ. ಸರಕಿನ ಗುಣವನ್ನೂ ಸಂದರ್ಭವನ್ನೂ ನೋಡಿ, ಸಾಗಣೆದಾರನೊಂದಿಗೆ ತಕ್ಕ ಕರಾರು ಮಾಡಿಕೊಳ್ಳುವುದು ಮಾರುವವನ ಕರ್ತವ್ಯವೆಂದೂ, ಅವನು ಹಾಗೆ ಮಾಡದೆ ದಾರಿಯಲ್ಲಿ ಸರಕು ಕಳೆದರೆ ಕೊಳ್ಳುವವನು ಅದನ್ನು ತನಗೆ ಒಪ್ಪಿಸಿದಂತೆ ಎಂದು ಒಪ್ಪಬೇಕಾಗಿಲ್ಲವೆಂದೂ ಅದು ಹೇಳುತ್ತದೆ. ಹನ್ನೊಂದು ಸಾವಿರದ ಸೀರೆಗಳನ್ನು, ಅವುಗಳ ಮೌಲ್ಯವನ್ನು ಎಲ್ಲಿಯೂ ಬರೆಸದೆ, ಮಿಠಾಯಿ ಡಬ್ಬಿ ಕಳಿಸಿದ ಹಾಗೆ ಕಳಿಸಿದವನು ನಾನು. ಅದಕ್ಕಿಂತ ಹೆಚ್ಚಾಗಿ, ಆ ಶಿಕ್ಷಕಿಗೆ ಫೋನಿನಲ್ಲಿ "ನಿಮ್ಮ ಮನಿ ಬಾಗಿಲಿಗೆ ಮುಟ್ಟಿಸ್ತೀನ್ರಿ" ಎಂದು ಮಾತು ಕೊಟ್ಟವನೂ ನಾನೇ. ಆ ಮಾತೇ ನಮ್ಮಿಬ್ಬರ ನಡುವಿನ ಒಪ್ಪಂದ. ಬಾಗಿಲಿಗೆ ಮುಟ್ಟುವ ತನಕ ಆ ಗಂಟು ನನ್ನ ಹೊಣೆಯಲ್ಲಿಯೇ ಇತ್ತು.

ಆದ್ದರಿಂದ ಇಂದು ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು: ಕೊಂಡವರು ಯಾರಿಗೆ ದುಡ್ಡು ಕೊಟ್ಟಿದ್ದಾರೋ ಅವರನ್ನೇ ಮೊದಲು ಕೇಳಬೇಕು. ಸಾಗಣೆದಾರನನ್ನು ಹುಡುಕಿ ಅಲೆಯುವುದು ಕೊಂಡವರ ಕೆಲಸವಾಗಬಾರದು. ಅವನಿಗೆ ದುಡ್ಡು ಕೊಟ್ಟು ಗೊತ್ತು ಮಾಡಿದವನು ಮಾರಿದವನು. ಅವನನ್ನು ಕೇಳುವ ಹಕ್ಕೂ ಕೇಳಬೇಕಾದ ಭಾರವೂ ಮಾರಿದವನದೇ.

ಕೊರಿಯರ್ ಕಚೇರಿಗೆ ಹೋದಾಗ ಅಲ್ಲಿಯ ಹುಡುಗ ಕಂಪ್ಯೂಟರ್ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, "ಡೆಲಿವರಿ ಆಗೇತ್ರಿ, ನೋಡ್ರಿ" ಎಂದ. ಪರದೆಯ ಮಾತು ನನಗೆ ಬೇಡ, ಸಹಿ ತೋರಿಸು ಎಂದು ಹಟ ಹಿಡಿದೆ. ಎರಡು ದಿನದ ಮೇಲೆ ಡೆಲಿವರಿ ಹಾಳೆಯ ಫೋಟೋ ಬಂತು. ಶಿಕ್ಷಕಿಯ ಹೆಸರಿನ ಮುಂದೆ ಇಂಗ್ಲಿಷಿನ ಒಂದೇ ಅಕ್ಷರ, ಅದರಿಂದ ಎಳೆದ ಒಂದು ಬಾಲ. ಅದೇ ಹಾಳೆಯಲ್ಲಿ ಅದರ ಮೇಲಿನ ಮತ್ತು ಕೆಳಗಿನ ಹೆಸರುಗಳ ಮುಂದೆಯೂ ಅದೇ ಕೈಬರಹದ ಅಂಥದೇ ಬಾಲಗಳಿದ್ದವು. ಆ ತಾಯಿ ತಮ್ಮ ಪೂರ್ಣ ಹೆಸರನ್ನು ಕನ್ನಡದಲ್ಲಿ ಬರೆದು ಸಹಿ ಮಾಡುವವರು. ಆ ಹಾಳೆಯನ್ನು ನೋಡಿದ ಮೇಲೆ ನನಗೆ ಯಾವ ಸಂಶಯವೂ ಉಳಿಯಲಿಲ್ಲ.

ಇನ್ನು ಸಾಗಣೆದಾರನ ಹೊಣೆ ಎಷ್ಟು ಎಂಬ ಮಾತಿಗೆ ಬರೋಣ. ಬ್ರಿಟಿಷರ ಕಾಲದ 1865ರ ಕಾಯಿದೆಯ ಜಾಗದಲ್ಲಿ ರಸ್ತೆ ಮೂಲಕ ಸಾಗಣೆಯ 2007ರ ಕಾಯಿದೆ ಬಂದು, 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಲಾರಿ ಟ್ರಾನ್ಸ್‌ಪೋರ್ಟಿನವರಷ್ಟೇ ಅಲ್ಲದೆ, ಮನೆಯಿಂದ ಮನೆಗೆ ಮುಟ್ಟಿಸುವ ಕೊರಿಯರ್ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಈ ಕಾಯಿದೆಯಲ್ಲಿ ನಮ್ಮ ಪರವಾದ ಒಂದು ದೊಡ್ಡ ಮಾತಿದೆ. ಸರಕು ಕಳೆದುಹೋದಾಗ, ಸಾಗಣೆದಾರನ ಅಲಕ್ಷ್ಯದಿಂದಲೇ ಅದು ಕಳೆಯಿತು ಎಂದು ಕಳಿಸಿದವನು ಸಾಬೀತು ಮಾಡಿ ತೋರಿಸಬೇಕಾಗಿಲ್ಲ. ಗಂಟು ಕೊಟ್ಟೆ, ಅದು ಮುಟ್ಟಲಿಲ್ಲ ಎಂಬಷ್ಟನ್ನು ತೋರಿಸಿದರೆ ಸಾಕು. ಪ್ರಕೃತಿ ವಿಕೋಪ, ಯುದ್ಧ, ದೊಂಬಿಯಂಥ ಕಾರಣಗಳಿದ್ದರೆ ಅವನ್ನು ಹೇಳಿ ಪಾರಾಗುವ ಭಾರ ಸಾಗಣೆದಾರನ ಮೇಲಿದೆ.

ನಮಗೆ ಕಹಿಯಾದ ಮಾತೂ ಅದರಲ್ಲಿಯೇ ಇದೆ. ಸಾಗಣೆದಾರ ಹೆಚ್ಚಿನ ಹೊಣೆ ಹೊರಲೆಂದು ಕಳಿಸುವವನು ಹೆಚ್ಚಿನ ದರವನ್ನು ಒಪ್ಪಿ ತೆರದಿದ್ದರೆ, ಸಾಗಣೆದಾರನು ಕೊಡಬೇಕಾದ ಪರಿಹಾರಕ್ಕೆ ಮಿತಿಯುಂಟು. ನಿಯಮಗಳ ಪ್ರಕಾರ ಅದು ಸಾಗಣೆ ದರದ ಹತ್ತು ಪಟ್ಟು. ನಾನು ಕೊಟ್ಟದ್ದು 240 ರೂಪಾಯಿ. ನನಗೆ ಸಿಗಬಹುದಾದದ್ದು 2,400. ಮಗ್ಗದ ಮುಂದೆ ಕೂತು ಮೈಯ ನೂಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ನೇಕಾರನ ಕಷ್ಟವನ್ನು ದಿನಾಲು ನೋಡುವ ನನಗೆ, ನಾಲ್ಕು ಸೀರೆಗೆ 2,400 ಎಂಬ ಲೆಕ್ಕ ಹೊಟ್ಟೆಯಲ್ಲಿ ಸಂಕಟ ತಂದಿತು. ಆದರೂ ಆ ಲೆಕ್ಕದಲ್ಲಿ ನನ್ನ ಪಾಲೂ ಇದೆ. ಸರಕಿನ ಮೌಲ್ಯವನ್ನು ರವಾನೆ ಪತ್ರದಲ್ಲಿ ಬರೆದು ಕೊಡಬೇಕೆಂದು ಕಾಯಿದೆಯೇ ಕಳಿಸುವವನಿಗೆ ಹೇಳುತ್ತದೆ. ಎಷ್ಟೋ ವರ್ಷ ನಾವು ಆ ಖಾನೆಯನ್ನು ಖಾಲಿ ಬಿಟ್ಟೆವು. ನಾಲ್ಕು ದುಡ್ಡು ಉಳಿಯಿತೆಂದು ಸಮಾಧಾನಪಟ್ಟೆವು.

ರಶೀದಿಯ ಹಿಂದಿನ ಸಣ್ಣ ಅಕ್ಷರಗಳನ್ನು ಯಾರು ಓದುತ್ತಾರೆ ಎಂದು ನೀವು ಕೇಳಬಹುದು. ಕೊರಿಯರ್ ಮೂಲಕ ಜರ್ಮನಿಗೆ ಕಳಿಸಿದ ಕಾಗದಪತ್ರಗಳಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. ಷರತ್ತುಗಳಿರುವ ಕಾಗದಕ್ಕೆ ಸಹಿ ಮಾಡಿದವರು ಸಾಮಾನ್ಯವಾಗಿ ಆ ಷರತ್ತುಗಳಿಗೆ ಬದ್ಧರು ಎಂಬುದು ಅದರ ತಿರುಳು. ರಾಜ್ಯ ಗ್ರಾಹಕ ಆಯೋಗವು ಮೊದಲು ನಾಲ್ಕು ಲಕ್ಷಕ್ಕೂ ಹೆಚ್ಚು ರೂಪಾಯಿ ಪರಿಹಾರ ಕೊಡಿಸಿದ್ದರೂ, ಕೊನೆಗೆ ಉಳಿದದ್ದು ರಶೀದಿಯಲ್ಲಿ ಅಚ್ಚಾಗಿದ್ದ 100 ಡಾಲರ್ ಮಾತ್ರ. ಕೌಂಟರಿನಲ್ಲಿ ಪೆನ್ನು ಎತ್ತುವಾಗ ಈ ತೀರ್ಪು ನೆನಪಿಗೆ ಬಂದರೆ ಒಳ್ಳೆಯದು.

ಅಂಚೆಯ ದಾರಿ ಬೇರೆ. 1898ರ ಅಂಚೆ ಕಾಯಿದೆ ಇದ್ದಾಗಲೂ, ಅದರ ಬದಲು 2024ರ ಜೂನ್ 18ರಂದು ಜಾರಿಗೆ ಬಂದ 2023ರ ಕಾಯಿದೆಯಲ್ಲಿಯೂ, ನಿಯಮದಲ್ಲಿ ಗೊತ್ತುಪಡಿಸಿದಷ್ಟನ್ನು ಬಿಟ್ಟು ಅಂಚೆ ಇಲಾಖೆಗೆ ಹೊಣೆಯಿಲ್ಲ. ಸ್ಪೀಡ್ ಪೋಸ್ಟಿನ ವಸ್ತು ಕಳೆದರೆ ತೆತ್ತ ದರದ ಎರಡರಷ್ಟು ಅಥವಾ 1,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಎಂಬುದು ಬಹಳ ಕಾಲದಿಂದ ನಡೆದು ಬಂದ ಲೆಕ್ಕ. ಬೆಲೆಬಾಳುವ ವಸ್ತುವನ್ನು ಅಂಚೆಯಲ್ಲಿ ಕಳಿಸುವವರು ವಿಮೆ ಮಾಡಿಸಿಯೇ ಕಳಿಸಬೇಕು.

ನಮ್ಮ ಭಾಗದಲ್ಲಿ ಇನ್ನೊಂದು ಸಾಗಣೆಯಿದೆ, ಅದಕ್ಕೆ ಯಾವ ಕಾಯಿದೆಯೂ ಇಲ್ಲ. ಧಾರವಾಡದಲ್ಲಿ ಓದುವ ಮಗನಿಗೆ ತಾಯಿ ಮುಂಜಾನೆ ರೊಟ್ಟಿ ಬಡಿದು, ಬುತ್ತಿಯ ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿ, ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾಳೆ. ರಶೀದಿಯಿಲ್ಲ, ದರವಿಲ್ಲ, ಆದರೂ ಬುತ್ತಿ ಮುಟ್ಟುತ್ತದೆ. ಆ ನಂಬಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದೇ ನಂಬಿಕೆಯ ಮೇಲೆ ಮೊಬೈಲನ್ನೋ ಬಂಗಾರದ ಬೆಂಡೋಲೆಯನ್ನೋ ಕಳಿಸಿ, ಅದು ಕಳೆದ ಮೇಲೆ ಆ ಕಂಡಕ್ಟರನ ಮೇಲೆ ಕಳವಿನ ಮಾತು ಹೊರಿಸುವುದನ್ನು ನಾನು ಕಂಡಿದ್ದೇನೆ, ಅದು ಅನ್ಯಾಯ. ಬುಕ್ ಮಾಡಿ ರಶೀದಿ ಪಡೆದ ಪಾರ್ಸಲ್ಲಿಗೆ ಮಾತ್ರ ಸಾಗಿಸುವ ಸಂಸ್ಥೆಯನ್ನು ಹೊಣೆ ಹಿಡಿಯಲು ಸಾಧ್ಯ.

ಈಗ ಗಂಟು ಪಡೆಯುವವರ ಕಡೆಗೆ ತಿರುಗುತ್ತೇನೆ, ಏಕೆಂದರೆ ಹೊಣೆ ಕೈ ಬದಲಾಗುವ ಕೊನೆಯ ಗಳಿಗೆ ಇರುವುದು ಅವರ ಬಾಗಿಲಲ್ಲಿ. ಡೆಲಿವರಿ ಹುಡುಗ ಫೋನ್ ಮಾಡಿ, ಮನೆಗೆ ಬೀಗ ಇದೆ, ಬಾಜೂ ಕಿರಾಣಿ ಅಂಗಡಿಯಲ್ಲಿ ಇಡಲೇ ಎನ್ನುತ್ತಾನೆ. ನೀವು ಹೂಂ ಎಂದಿರೋ, ಅಂಗಡಿಯವರು ನಿಮ್ಮ ಪರವಾಗಿ ಗಂಟು ಪಡೆದಂತಾಗುತ್ತದೆ, ಅಲ್ಲಿಂದ ಮುಂದೆ ಕಳೆದರೆ ಮಾರಿದವನನ್ನು ಕೇಳುವುದು ಕಷ್ಟ. ನಿಮ್ಮನ್ನು ಕೇಳದೆಯೇ ಹೊಸ್ತಿಲ ಮೇಲೆ ಇಟ್ಟು ಹೋಗಿ, ಅದನ್ನು ಯಾರೋ ಎತ್ತಿಕೊಂಡು ಹೋದರೆ, ನಿಮಗೆ ಮುಟ್ಟಿತೆಂದು ಅವರು ಹೇಳಲಾರರು. ಓಟಿಪಿಯ ಮಾತು ಇದಕ್ಕಿಂತ ಮುಖ್ಯವಾದದ್ದು. ಗಂಟು ಕಣ್ಣ ಮುಂದೆ ಇಲ್ಲದಾಗ ಫೋನಿನಲ್ಲಿ ಓಟಿಪಿ ಹೇಳುವುದೆಂದರೆ, ಖಾಲಿ ರಶೀದಿಗೆ ಸಹಿ ಹಾಕಿ ಕೊಟ್ಟಂತೆ. ಗಂಟನ್ನು ಕೈಗೆ ಪಡೆದು, ಅಂಟುಪಟ್ಟಿ ಹರಿದಿದೆಯೇ, ತೂಕ ಹಗುರವಾಗಿದೆಯೇ ಎಂದು ನೋಡಿ, ಅನಂತರ ಹೇಳಿ. ಬಿಚ್ಚುವಾಗ ಮನೆಯ ಹುಡುಗರಿಂದ ವಿಡಿಯೋ ಮಾಡಿಸಿಕೊಂಡರೆ ಮುಂದೆ ಅದೇ ಸಾಕ್ಷಿ.

ಆನ್‌ಲೈನ್ ತಾಣಗಳಲ್ಲಿ ಕೊಂಡವರಿಗೆ 2020ರ ಇ-ಕಾಮರ್ಸ್ ನಿಯಮಗಳ ಬಲವಿದೆ. ತಾಣದ ಕುಂದುಕೊರತೆ ಅಧಿಕಾರಿಯು 48 ಗಂಟೆಯೊಳಗೆ ನಿಮ್ಮ ದೂರು ಮುಟ್ಟಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಫೋನ್ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನು ದಿಲ್ಲಿಯಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲಿಯೇ, ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಹುನಗುಂದದ ಹೆಣ್ಣುಮಗಳೊಬ್ಬಳು ಬಾಗಲಕೋಟೆಯ ಆಯೋಗದ ಮೆಟ್ಟಿಲು ಹತ್ತಿ ದೂರದ ಕಂಪನಿಯಿಂದ ಉತ್ತರ ಕೇಳಬಹುದು ಎಂಬುದನ್ನು ನಮ್ಮ ಜನರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕಳಿಸಿದವರಿಗೆ ಒಂದು ಮಾತು. ಲಾಭಕ್ಕಾಗಿ ದೊಡ್ಡ ವ್ಯಾಪಾರ ಮಾಡುವವರು ಸಾಮಾನ್ಯವಾಗಿ ಗ್ರಾಹಕರೆನಿಸುವುದಿಲ್ಲ, ಅವರು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವ ನೇಕಾರರಂಥವರಿಗೆ ಕಾಯಿದೆಯಲ್ಲಿ ವಿನಾಯಿತಿಯಿದೆ. ಸಾಗಣೆದಾರನ ಮೇಲೆ ದಾವೆ ಹೂಡುವುದಾದರೆ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಅವನಿಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂಬ ಮಾತು ಕೇಳುತ್ತ ಆರು ತಿಂಗಳು ಕಳೆದು ಹಕ್ಕು ಕಳೆದುಕೊಂಡವರನ್ನು ನಾನು ಬಲ್ಲೆ. ಕಳವು ಎಂದು ಖಾತ್ರಿಯಾದರೆ ಪೊಲೀಸರಿಗೂ ದೂರು ಕೊಡಿ. ಸಾಗಿಸಲು ನಂಬಿ ಕೊಟ್ಟ ಸರಕನ್ನು ನುಂಗಿದವನಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಸೆರೆವಾಸವಿದೆ. ದಾರಿಯ ಯಾವ ಊರಿನಲ್ಲಿ ಕಳವಾಯಿತು ಎಂದು ಗೊತ್ತಿಲ್ಲದಿದ್ದರೂ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಠಾಣೆಯವರು ತಿರುಗಿ ಕಳಿಸುವಂತಿಲ್ಲ.

ನನ್ನ ಗಂಟಿನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಶಿಕ್ಷಕಿಯ ಫೋನು ಬಂದ ದಿನ ಸಂಜೆಯೇ, ಅಂಥವೇ ಎರಡು ಸೀರೆ ಅಂಗಡಿಯಲ್ಲಿದ್ದವು, ಅವನ್ನು ಕೊಟ್ಟು ಮಗನನ್ನು ಬಸ್ಸು ಹತ್ತಿಸಿದೆ. ಹುನಗುಂದ, ವಿಜಯಪುರ ದಾಟಿ ಅವನು ಮರುದಿನ ಮುಂಜಾನೆ ಆ ತಾಯಿಯ ಬಾಗಿಲಲ್ಲಿ ನಿಂತ. ಗೋಮಿ ದಡಿಯ ಎರಡನ್ನು ಹೊಸದಾಗಿ ನೇಯಿಸಿ, ಹಬ್ಬ ಕಳೆದ ಮೇಲೆ ಬೇರೆ ಕೊರಿಯರಿನಲ್ಲಿ ಕಳಿಸಿದೆ. ಮೊದಲಿನ ಕೊರಿಯರಿನವರು ನನ್ನ ನೋಟಿಸಿಗೆ ಮೂರು ತಿಂಗಳ ಮೇಲೆ 2,400 ರೂಪಾಯಿ ಕಳಿಸಿದರು. ಉಳಿದ 8,800ನ್ನು ನಾನೇ ಹೊತ್ತೆ. ಎರಡನೆಯ ಸಲ ಕಳಿಸುವಾಗ, ಮೌಲ್ಯದ ಖಾನೆಯಲ್ಲಿ ನನ್ನ ಕೈಯಿಂದಲೇ 5,800 ಎಂದು ಬರೆದೆ. ಕೌಂಟರಿನ ಹುಡುಗ ದರ ಹೆಚ್ಚಾಗುತ್ತದೆ ಎಂದ. ಆಗಲಿ ಎಂದು ಹೇಳಿ, ರಶೀದಿಯ ಹಿಂಬದಿಯನ್ನು ಅಲ್ಲಿಯೇ ನಿಂತು ಪೂರ್ತಿ ಓದಿ, ಅನಂತರ ಸಹಿ ಮಾಡಿದೆ.

ನಮಸ್ಕಾರ.