ಕ್ಲಿಕ್ಕಿಗೆ ಕಾಸು ಕೊಡುವ ಮುನ್ನ

ಎಲ್ಲರಿಗೂ ನಮಸ್ಕಾರ.

ಅಫಿಲಿಯೇಟ್ ಟ್ರ್ಯಾಕಿಂಗ್ ಅಂದರೆ ದಲ್ಲಾಳಿ ಲೆಕ್ಕದ ಪುಸ್ತಕ. ತನ್ನ ಲಿಂಕ್ ಮೂಲಕ ಗಿರಾಕಿಯನ್ನು ಕರೆತಂದ ಪಾರ್ಟ್‌ನರ್‌ಗೆ, ಅಂದರೆ ಅಫಿಲಿಯೇಟ್‌ಗೆ, ಕಮಿಷನ್ ಸಲ್ಲಬೇಕು. ನಿಜಕ್ಕೂ ಕರೆತಂದವರು ಯಾರು ಅನ್ನುವುದೇ ತಕರಾರು. ಆನ್‌ಲೈನ್ ಮಾರುಕಟ್ಟೆ ಇಬೇಯ ಪ್ರಕರಣ ನೋಡಿ. ಕೆಲವು ಅಫಿಲಿಯೇಟ್‌ಗಳು ವೆಬ್ ಪುಟದೊಳಗೆ ಕಣ್ಣಿಗೆ ಕಾಣದ ಚಿತ್ರ ಅಡಗಿಸಿ, ಕ್ಲಿಕ್ಕೇ ಮಾಡದವರ ಬ್ರೌಸರ್‌ಗೂ ಅಫಿಲಿಯೇಟ್ ಕುಕಿ (ಕರೆತಂದವರು ಯಾರು ಅಂತ ಬ್ರೌಸರ್‌ನಲ್ಲಿ ಉಳಿಯುವ ಗುರುತು) ತುರುಕುತ್ತಿದ್ದರು. ಆಮೇಲೆ ಆ ಗಿರಾಕಿ ತಾನಾಗೇ ಹೋಗಿ ಕೊಂಡರೂ ಕಮಿಷನ್ ಇವರಿಗೆ. 2014ರಲ್ಲಿ ಅಮೆರಿಕದಲ್ಲಿ ಇಬ್ಬರಿಗೆ ಜೈಲಾಯಿತು.

ಹಾಗಾಗಿ ಕುಕಿಯೊಂದನ್ನೇ ನಂಬಿ ದುಡ್ಡು ಕೊಡಬೇಡಿ. ಮೋಸವಿಲ್ಲದಿದ್ದರೂ ಅದು ಉಳಿಯುವುದಿಲ್ಲ: ಪುಟದ ಜಾವಾಸ್ಕ್ರಿಪ್ಟ್ ಕೋಡ್ ಇಟ್ಟ ಕುಕಿಯನ್ನು ಸಫಾರಿ ಬ್ರೌಸರ್ 2019ರಿಂದ 7 ದಿನಕ್ಕೆ ಅಳಿಸುತ್ತದೆ. ಒಪ್ಪಂದದಲ್ಲಿ ಕ್ಲಿಕ್ಕಾದ 30 ದಿನದೊಳಗಿನ ಖರೀದಿಗೆ ಕಮಿಷನ್ ಅಂತ ಬರೆದಿದ್ದರೆ ಪಾರ್ಟ್‌ನರ್ ಜಗಳಕ್ಕೆ ಬರುವುದು ನ್ಯಾಯವೇ. ಕ್ಲಿಕ್ ಬಂದಾಗ ನಿಮ್ಮ ಟ್ರ್ಯಾಕಿಂಗ್ ಸರ್ವರ್ 128 ಬಿಟ್‌ನ ಊಹಿಸಲಾಗದ ಕ್ಲಿಕ್ ಐಡಿ ಹುಟ್ಟಿಸಲಿ, ಪಾರ್ಟ್‌ನರ್ ಮತ್ತು ಸಮಯದ ಜೊತೆ ಬರೆದಿಡಲಿ. ಅಂಗಡಿಯ ಸರ್ವರ್ ಆ ಐಡಿಯನ್ನು ಆರ್ಡರ್‌ಗೆ ಅಂಟಿಸಿ ನಿಮಗೆ ಪೋಸ್ಟ್‌ಬ್ಯಾಕ್ (ಸರ್ವರ್‌ನಿಂದ ಸರ್ವರ್‌ಗೆ ಹೋಗುವ ಮಾರಾಟದ ಸುದ್ದಿ) ಕಳಿಸಲಿ: ಆರ್ಡರ್ ಸಂಖ್ಯೆ, ಪೈಸೆ ಲೆಕ್ಕದಲ್ಲಿ ಮೊತ್ತ, ಸಮಯ, ಇಷ್ಟಕ್ಕೂ ಎಚ್‌ಮ್ಯಾಕ್ ಸಹಿ (ಎರಡೂ ಸರ್ವರ್‌ಗಷ್ಟೇ ಗೊತ್ತಿರುವ ಗುಟ್ಟಿನ ಕೀಲಿಯಿಂದ ಹಾಕಿದ್ದು). ಸಹಿ ತಾಳೆಯಾಗದಿದ್ದರೆ, ಐದು ನಿಮಿಷಕ್ಕಿಂತ ಹಳೆಯದಾಗಿದ್ದರೆ ವಾಪಸ್. ಉತ್ತರ ತಡವಾದರೆ ಅದೇ ಪೋಸ್ಟ್‌ಬ್ಯಾಕ್ ಹೊಸ ಸಮಯ, ಹೊಸ ಸಹಿಯೊಂದಿಗೆ ಮತ್ತೆ ಬರುತ್ತದೆ. ಡೇಟಾಬೇಸ್‌ನಲ್ಲಿ ಆರ್ಡರ್ ಸಂಖ್ಯೆಗೆ ಯೂನಿಕ್ ನಿರ್ಬಂಧ (ಒಂದು ಸಂಖ್ಯೆ ಒಂದೇ ಸಲ ಅನ್ನುವ ನಿಯಮ) ಇಲ್ಲದಿದ್ದರೆ ಒಂದೇ ಮಾರಾಟಕ್ಕೆ ಎರಡು ಕಮಿಷನ್. ಇದು ಕಳ್ಳತನವಲ್ಲ, ನಮ್ಮದೇ ಸೋಮಾರಿತನ.

ಆ್ಯಪ್‌ನಲ್ಲಿ ಕಳ್ಳ ಇನ್ನೂ ಚುರುಕು. ಗಿರಾಕಿ ತಾನಾಗೇ ನಿಮ್ಮ ಆ್ಯಪ್ ಇಳಿಸಿಕೊಳ್ಳುತ್ತಿರುತ್ತಾನೆ. ಫೋನಿನಲ್ಲಿ ಮೊದಲೇ ಕೂತ ಇನ್ನೊಂದು ಆ್ಯಪ್ ಅದರ ಸುಳಿವು ಹಿಡಿದು ಕೊನೇ ಗಳಿಗೆಯಲ್ಲಿ ಸುಳ್ಳು ಕ್ಲಿಕ್ ಹಾರಿಸುತ್ತದೆ. ಪ್ಲೇ ಸ್ಟೋರ್‌ನ ಇನ್‌ಸ್ಟಾಲ್ ರೆಫರರ್ (ಇನ್‌ಸ್ಟಾಲ್ ಎಲ್ಲಿಂದ ಬಂತು ಅಂತ ತಿಳಿಸುವ ಸೌಲಭ್ಯ) ಎರಡು ಸಮಯ ಕೊಡುತ್ತದೆ: ಕ್ಲಿಕ್ಕಾದದ್ದು, ಇನ್‌ಸ್ಟಾಲ್ ಶುರುವಾದದ್ದು. ಉದಾಹರಣೆಗೆ ಇನ್‌ಸ್ಟಾಲ್ 10:04:10ಕ್ಕೆ ಶುರು, ಕ್ಲಿಕ್ 10:04:31ಕ್ಕೆ. ಊಟ ಬಡಿಸಿದ ಮೇಲೆ ಕರೆಯೋಲೆ ಬಂದಂತೆ! ಆ ಇನ್‌ಸ್ಟಾಲ್‌ಗೆ ಕಮಿಷನ್ ಇಲ್ಲ.

ಇನ್ನು ರೆಫರಲ್, ಅಂದರೆ ಗೆಳೆಯರನ್ನು ಸೇರಿಸಿದ್ದಕ್ಕೆ ಬಹುಮಾನ. ಇಬ್ಬರಿಗೂ 100 ರೂಪಾಯಿ ಅಂತ ಸೈನ್‌ಅಪ್‌ಗೇ ಕೊಟ್ಟರೆ ಒಂದು ಹೊಸ ಸಿಮ್‌ಗೆ 200 ಸಿಕ್ಕಂತೆ. ಮೊದಲ ಆರ್ಡರ್‌ನ ರಿಟರ್ನ್ ಅವಧಿ ಮುಗಿಯುವ ತನಕ ಬಹುಮಾನವನ್ನು ಬಾಕಿ ಅಂತಲೇ ಇಡಿ. ಫೋನನ್ನು ಗುರುತಿಸುವ ಆಂಡ್ರಾಯ್ಡ್ ಐಡಿ ಫ್ಯಾಕ್ಟರಿ ರೀಸೆಟ್ ಆದರೆ ಬದಲಾಗುತ್ತದೆ, ಅದೊಂದನ್ನೇ ನೆಚ್ಚಬೇಡಿ. ಐಪಿ ಒಂದೇ ಅಂತ ಬ್ಲಾಕ್ ಮಾಡಲೂಬೇಡಿ. ಬೆಂಗಳೂರಿನ ಒಂದು ಪಿಜಿಯಲ್ಲಿ ನಲವತ್ತು ಮಂದಿಗೆ ಒಂದೇ ವೈಫೈ. ದುಡ್ಡು ಹೋಗಿ ಸೇರುವ ಜಾಗ ನೋಡಿ. ಹತ್ತು 'ಗೆಳೆಯರ' ಬಹುಮಾನ ಒಂದೇ ಬ್ಯಾಂಕ್ ಖಾತೆಗೆ ಬಿದ್ದರೆ ಪಾವತಿ ತಡೆದು ಮನುಷ್ಯರಿಂದಲೇ ಪರಿಶೀಲಿಸಿ.

ಆರ್ಡರ್ ವಾಪಸಾದರೆ ಲೆಕ್ಕದ ಹಳೇ ಸಾಲನ್ನು ತಿದ್ದಬೇಡಿ, ಮೈನಸ್ ಮೊತ್ತದ ಹೊಸ ಸಾಲು ಸೇರಿಸಿ. ತಿರಸ್ಕರಿಸಿದ ಪ್ರತಿ ಕಮಿಷನ್‌ಗೂ ಕಾರಣ ಪಾರ್ಟ್‌ನರ್‌ಗೆ ಕಾಣಲಿ. ಆದರೆ 'ಐದನೇ ಖಾತೆಗೆ ಸಿಕ್ಕಿಬೀಳುತ್ತೀರಿ' ಅನ್ನುವಷ್ಟು ಬಿಡಿಸಿ ಹೇಳಬೇಡಿ, ನಾಲ್ಕಕ್ಕೇ ನಿಲ್ಲಿಸುತ್ತಾರೆ.