ಎರೆಭೂತಕ್ಕೆ ಯಂತ್ರದ ಕಾವು

ಕೇಳುಗರಿಗೆ ನಮಸ್ಕಾರ. ಸಿರುಗುಪ್ಪದ ಎರೆಹೊಲಗಳಲ್ಲಿ ಕಡಲೆ, ಜೋಳದ ನಡುವೆ ಕತ್ತೆತ್ತಿ ನಡೆಯುವ, ಸೊಂಟದೆತ್ತರದ ಹಕ್ಕಿಗೆ ನಮ್ಮವರು ಇಟ್ಟ ಹೆಸರು ಎರೆಭೂತ. ಪುಸ್ತಕದಲ್ಲಿ ಅದು ದೊಡ್ಡ ಎರ್ಲಡ್ಡು, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಈಗ ಈ ಭಾಗದಲ್ಲಿ ಬೆರಳೆಣಿಕೆಯಷ್ಟೂ ಕಾಣುವುದಿಲ್ಲ. ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಸಮ್ ಎಂಬಲ್ಲಿ 2019ರಿಂದ ಮರುಭೂಮಿಯ ಮೊಟ್ಟೆಗಳನ್ನು ತಂದು ಯಂತ್ರದಲ್ಲಿ ಮರಿ ಮಾಡಿಸುತ್ತಿದ್ದಾರೆ. ಆಮೇಲೆ ರಾಮದೇವ್ರಾದಲ್ಲೂ ಕೇಂದ್ರ ಶುರುವಾಯಿತು. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಬಂತು. ಆ ಕೆಲಸ ನಡೆಯುವುದು ಹೇಗೆ, ಎಲ್ಲಿ ಕೈಕೊಡುತ್ತದೆ ಎಂಬುದು ಇವತ್ತಿನ ಮಾತು.

ಎರೆಭೂತ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಗಂಡು ಕಾವಿಗೂ ಬಾರದು, ಮರಿಗೂ ಬಾರದು. ಮೊದಲ ಮೊಟ್ಟೆ ಹೋದರೆ ಹೆಣ್ಣು ಮತ್ತೊಂದು ಇಡುವುದುಂಟು. ಮೊದಲನೆಯದನ್ನು ಯಂತ್ರಕ್ಕೆ ತಂದರೂ ಹೆಣ್ಣು ಇನ್ನೊಂದು ಇಟ್ಟೀತು ಎಂಬುದರ ಮೇಲೆ ಸಾಕಣೆಯ ಲೆಕ್ಕವೆಲ್ಲ ನಿಂತಿದೆ.

ಕಾವು ಸುಮಾರು 27 ದಿನ, ಶಾಖ 37.5 ಡಿಗ್ರಿ ಸೆಲ್ಸಿಯಸ್ ಸುತ್ತ. ಸ್ವಲ್ಪ ಹೊತ್ತು ತಣ್ಣಗಾದರೆ ಮೊಟ್ಟೆ ತಡೆದೀತು, ಬಹಳ ಹೊತ್ತು ಒಂದು ಡಿಗ್ರಿ ಹೆಚ್ಚಾದರೆ ತಡೆಯದು. ದಿನಕ್ಕೆ ಹಲವು ಸಲ ಮೊಟ್ಟೆಯನ್ನು ಹೊರಳಿಸದಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಮರಿ ಒಡೆಯಲು ಎರಡು ಮೂರು ದಿನ ಇರುವಾಗ ಹೊರಳಿಸುವುದನ್ನು ನಿಲ್ಲಿಸುತ್ತಾರೆ.

ಇದಕ್ಕೆಲ್ಲ ತಕ್ಕಡಿಯೇ ಮುಖ್ಯ ಸಾಧನ, ಬೆಲೆಬಾಳುವ ಯಂತ್ರವಲ್ಲ. ಮೊಟ್ಟೆ ಉಸಿರಾಡುತ್ತಾ ನೀರು ಕಳೆದುಕೊಳ್ಳುತ್ತದೆ. 100 ಗ್ರಾಂ ಮೊಟ್ಟೆ ಎಂದಿಟ್ಟುಕೊಳ್ಳಿ, ಮರಿ ಹೊರಬರುವ ಹೊತ್ತಿಗೆ ಅದು 85 ಗ್ರಾಂ ಆಸುಪಾಸಿಗೆ ಇಳಿದಿರಬೇಕು. ಅಷ್ಟು ಇಳಿಯದಿದ್ದರೆ ಪೆಟ್ಟಿಗೆಯಲ್ಲಿ ತೇವ ಹೆಚ್ಚಾಗಿದೆ ಎಂದರ್ಥ: ಮರಿ ನೀರುಂಡು ಊದಿ, ಒಳಗೆ ತಿರುಗಲಾರದೆ ಸಾಯುತ್ತದೆ. ತೀರಾ ಇಳಿದರೆ ಒಣಗಿದ ಪೊರೆ ಮರಿಗೆ ಅಂಟುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ತೂಗಿ, ಬರೆದಿಟ್ಟು, ತೇವವನ್ನು ಏರಿಸುತ್ತಲೋ ಇಳಿಸುತ್ತಲೋ ಹೋಗಬೇಕು. ಕೊನೆಗೆ ನೋಡೋಣ ಎಂದವರಿಗೆ ಸಿಗುವುದು ಸತ್ತ ಮರಿ.

ನಿಜವಾದ ಕಷ್ಟ ಶುರುವಾಗುವುದು ಮರಿ ಬಂದ ಮೇಲೆ. ಕೋಳಿಮರಿ ಒಡನೆ ನೆಲ ಕುಕ್ಕುತ್ತದೆ. ಎರ್ಲಡ್ಡಿನ ಮರಿ ಹಾಗಲ್ಲ, ತಾಯಿಯ ಕೊಕ್ಕಿನ ತುದಿಗಾಗಿ ಕಾಯುತ್ತದೆ. ಸಾಕುವವರು ಚಿಮಟದ ತುದಿಯಲ್ಲಿ ಹುಳ, ಮಿಡತೆ ಹಿಡಿದು, ಮುಖದ ಮುಂದೆ ಅಲ್ಲಾಡಿಸಿ ತಿನ್ನಿಸಬೇಕು. ಮರಿ ಬಾಯಿ ಬಿಡುತ್ತದೆಂದು ಹುಳ ತುರುಕುತ್ತಾ ಹೋದರೆ ಮೈ ಬೇಗ ಭಾರವಾಗಿ, ಎಳೆಯ ಕಾಲು ಸೊಟ್ಟಗಾಗುತ್ತದೆ. ನುಣುಪು ನೆಲವೂ ಕಾಲು ಕೆಡಿಸುತ್ತದೆ. ಆದ್ದರಿಂದ ಒರಟು ಚಾಪೆ ಹಾಸಿ, ದಿನಾ ತೂಗಿ, ಓಡಾಡಿಸಬೇಕು. ಹಾಸು ಒದ್ದೆಯಾಗಿ ಬೂಸಲು ಹಿಡಿದರೆ ಶ್ವಾಸಕೋಶ ಹಾಳು.

ಬೆಳೆದ ಹಕ್ಕಿ ಬೆದರಿದರೆ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ತಂತಿಯ ಚಾವಣಿ ಇದ್ದರೆ ತಲೆ ಒಡೆಯುತ್ತದೆ, ಹಾಗಾಗಿ ಮೇಲೆ ಮೆತ್ತನೆಯ ಬಲೆ. ಹಿಡಿದು ಎಳೆದಾಡಿದರೆ ಸ್ನಾಯು ಸೋತು ದಿನಗಳಲ್ಲೇ ಸಾಯಬಹುದು. ಮನುಷ್ಯರ ನಡುವೆಯೇ ಬೆಳೆದದ್ದು ಮನುಷ್ಯನನ್ನೇ ತನ್ನ ಜಾತಿ ಎಂದುಕೊಳ್ಳುತ್ತದೆ. ವೀರ್ಯ ಸಂಗ್ರಹಿಸಲು ಆ ಸಲುಗೆ ಉಪಕಾರಿ, ಬಯಲಿಗೆ ಬಿಡಲು ಅದೇ ತೊಡಕು. ನಾಯಿ ಕಂಡರೆ ಓಡದ ಹಕ್ಕಿಯನ್ನು ಬಿಟ್ಟೇನು ಪ್ರಯೋಜನ?

ಇದನ್ನು ಕೇಳಿ ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಹಕ್ಕಿ ಇದು, ಮೊಟ್ಟೆ ಎತ್ತುವುದೂ ಅಪರಾಧ. ಕಾವಿಗೆ ಕೂತ ಜವಾರಿ ಕೋಳಿಯ ಕೆಳಗಿಟ್ಟರೂ ಮರಿಗೆ ಉಣಿಸುವವರಿಲ್ಲ, ಮೇಲೆ ಕೋಳಿಗೆ ಬರುವ ಕೊಕ್ಕರೆ ರೋಗದ ಭಯ ಬೇರೆ. ಕುಂಟೆ ಹೊಡೆಯುವಾಗ ಕೋಳಿಮೊಟ್ಟೆಗಿಂತ ದೊಡ್ಡದಾದ, ಕಂದುಹಸಿರು ಬಣ್ಣಕ್ಕೆ ಮಾಸಲು ಚುಕ್ಕೆಯಿರುವ ಮೊಟ್ಟೆ ಒಂಟಿಯಾಗಿ ಕಂಡರೆ ಎತ್ತುಗಳನ್ನು ದೂರ ತಿರುಗಿಸಿ. ಹತ್ತಿರ ನಿಲ್ಲಬೇಡಿ, ನೀವಿರುವ ತನಕ ತಾಯಿ ಬಾರದು. ಅರಣ್ಯ ಇಲಾಖೆಗೆ ತಿಳಿಸಿ, ಕುರಿಕಾಯುವವರಿಗೆ ಹೇಳಿ ನಾಯಿಗಳನ್ನು ಕಟ್ಟಿಸಿ.