ಸಂಜೆ ಫುಲ್, ನಡುರಾತ್ರಿ ಖಾಲಿ

ಪರದೆ ಕಪ್ಪಾಗಿದೆ ಎಂದು ನಿಮ್ಮ ಮೊಬೈಲನ್ನು ತಟ್ಟಬೇಡಿ. ನಾವು ಇರುವುದೇ ಕತ್ತಲಲ್ಲಿ. ಸಮಯ ರಾತ್ರಿ 2 ಗಂಟೆ 40 ನಿಮಿಷ, ಜಾಗ ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ, ಪರಿಚಯದ ರೈತರೊಬ್ಬರ ಹೊಲದ ಅಂಚು. ಕೇಳಿಸುತ್ತಿರುವ ಗದ್ದಲ ಭತ್ತದ ಗದ್ದೆಯ ಕಪ್ಪೆಗಳದು. ನಡುನಡುವೆ ಬರುವ ಕೀಂ ಎಂಬ ಸದ್ದು ಮಾತ್ರ ನಮ್ಮ ವ್ಯಾನಿನ ಫ್ರಿಜ್‌ನದು. ಕರೆಂಟ್ ಸಾಲದು, ಇನ್ನು ನನ್ನಿಂದಾಗದು ಎಂದು ಅದು ಹೇಳುವ ರೀತಿ ಅದು.

ಸತತ ಮೂರನೆಯ ರಾತ್ರಿ ಇದು. ಸಂಜೆ, ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಸೋಲಾರ್ ಕಂಟ್ರೋಲರ್ ಹಸಿರು ದೀಪ ಹಚ್ಚಿ ಬ್ಯಾಟರಿ ತುಂಬಿದೆ ಎನ್ನುತ್ತದೆ. ನಾವೂ ನಂಬಿ ಮಲಗುತ್ತೇವೆ. ನಡುರಾತ್ರಿ ಫ್ರಿಜ್ ಕೈಕೊಡುತ್ತದೆ, ಫ್ಯಾನ್ ಮುದುಕರ ನಡಿಗೆಗೆ ಇಳಿಯುತ್ತದೆ, ಬೆಳಿಗ್ಗೆ ಚಹಾಕ್ಕೆಂದು ಕಾಯಿಸಿದ ಹಾಲು ಒಡೆಯುತ್ತದೆ. ಮೊದಲ ದಿನ ಒಡೆದ ಹಾಲಿಗೆ ಬೆಲ್ಲ ಹಾಕಿ ತಿಂದೆವು. ಮೂರನೆಯ ದಿನ ಅಕ್ಕನ ಮಗ ತಟ್ಟೆ ಮುಟ್ಟಲಿಲ್ಲ.

ವ್ಯಾನಿನ ಒಳಗೆ ಏನೇನಿದೆ ಎಂದು ಹೊಸದಾಗಿ ನೋಡುತ್ತಿರುವವರಿಗೆ ಹೇಳಿಬಿಡುತ್ತೇನೆ. ಹಳೆಯ ಟೆಂಪೋ ಟ್ರಾವೆಲರ್. ಮೇಲೆ 170 ವ್ಯಾಟ್‌ನ ಎರಡು ಪ್ಯಾನೆಲ್, ಕೆಳಗೆ 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ. ಸೀಸ ಮತ್ತು ಆಸಿಡ್‌ನ ಬ್ಯಾಟರಿಯಾದ್ದರಿಂದ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಕೈಗೆ ಸಿಗುವುದು 75 ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರ್‌ನಂತೆ 75 ಗಂಟೆ. ರಾತ್ರಿಯ ಖರ್ಚು ಫ್ರಿಜ್‌ಗೆ ಸುಮಾರು 24, ಫ್ಯಾನ್‌ಗೆ 18, ದೀಪ ಮತ್ತು ಫೋನ್‌ಗಳಿಗೆ ಹತ್ತು. ಒಟ್ಟು ಐವತ್ತರ ಆಸುಪಾಸು. ಅಂದರೆ ತುಂಬಿದ ಬ್ಯಾಟರಿ ಬೆಳಗಿನವರೆಗೂ ನಗುತ್ತಾ ನಡೆಸಬೇಕು.

ನಡೆಸುತ್ತಿರಲಿಲ್ಲ. ನಾನು ಮೊದಲು ಬೈದದ್ದು ಬಿಸಿಲನ್ನು. ಫೆಬ್ರವರಿ ಕೊನೆಯ ವಾರಕ್ಕೇ ಇಲ್ಲಿನ ಬಂಡೆಗಳು ಹಂಚಿನಂತೆ ಕಾದಿರುತ್ತವೆ, ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಉಗುಳುತ್ತಲೇ ಇರುತ್ತವೆ. ಬಿಸಿಲು ಹೆಚ್ಚಿದಷ್ಟೂ ಸೋಲಾರ್‌ಗೆ ಒಳ್ಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಶಾಖ ಅದಕ್ಕೆ ಶತ್ರು. ಅದರ ಮೇಲೆ ಬರೆದ 170 ವ್ಯಾಟ್ 25 ಡಿಗ್ರಿಯ ಲೆಕ್ಕ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.4ರ ಹತ್ತಿರ ಕಳೆಯುತ್ತಾ ಹೋಗಬೇಕು. ಮಧ್ಯಾಹ್ನ ಗಾಜು 65 ಡಿಗ್ರಿ ಮುಟ್ಟಿದರೆ 340ರಲ್ಲಿ ಐವತ್ತಕ್ಕೂ ಹೆಚ್ಚು ಅಲ್ಲೇ ಹೋಯಿತು. ಆದರೂ 16 ಆಂಪಿಯರ್ ಬರುತ್ತಿತ್ತು, ಅದು ಕಡಿಮೆಯೇನಲ್ಲ. ಬೈದದ್ದನ್ನು ವಾಪಸ್ ತೆಗೆದುಕೊಂಡೆ. ಪ್ಯಾನೆಲ್ ಒರೆಸಿದೆವು, ಬಟ್ಟೆ ಕಪ್ಪಾಯಿತು, ರಾತ್ರಿ ಬದಲಾಗಲಿಲ್ಲ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 0.8 ಆಂಪಿಯರ್ ಕುಡಿಯುತ್ತದೆ ಎಂದು ಗೊತ್ತಾಗಿ ಅದನ್ನೂ ಆರಿಸಿದೆವು. ಫ್ರಿಜ್ ಕೂಗುವ ಹೊತ್ತು ಮೂರು ಗಂಟೆ ಹತ್ತು ನಿಮಿಷಕ್ಕೆ ಹೋಯಿತು, ಅಷ್ಟೇ.

ಉಳಿದದ್ದು ಬ್ಯಾಟರಿ. ಫೋನಿನಲ್ಲಿ ವಿಚಾರಿಸಿದರೆ ಹೊಸದಕ್ಕೆ 17 ಸಾವಿರ ಎಂದರು. ಮನಸ್ಸಿನಲ್ಲೇ ದುಡ್ಡು ಎಣಿಸುತ್ತಾ ಗಂಗಾವತಿಗೆ ಹೊರಟೆವು. ಕಿಟಕಿಯಲ್ಲಿ ದೂರಕ್ಕೆ ಬೆಳ್ಳಗೆ ಕಾಣುತ್ತಿರುವುದು ಅಂಜನಾದ್ರಿ. ಹತ್ತುವುದಿದೆ, 575 ಮೆಟ್ಟಿಲು. ಇವತ್ತಲ್ಲ.

ಅಕ್ಕಿ ಗಿರಣಿಗಳ ರಸ್ತೆಯಲ್ಲಿ ಒಂದು ಸಣ್ಣ ಆಟೋ ಎಲೆಕ್ಟ್ರಿಕ್ ಅಂಗಡಿ. ಮುಖ ತೋರಿಸಬೇಡಿ ಎಂದದ್ದರಿಂದ ಯಜಮಾನರ ಕೈಗಳನ್ನಷ್ಟೇ ನೋಡುತ್ತಿದ್ದೀರಿ. ಹೊಸ ಬ್ಯಾಟರಿ ಮಾರುವ ಆತುರ ಆ ಕೈಗಳಿಗೆ ಇರಲಿಲ್ಲ. ಅವರು ಆಸಿಡ್ ಎಷ್ಟು ಗಟ್ಟಿ ಎಂದು ಅಳೆಯುವ ಹೈಡ್ರೋಮೀಟರ್ ತಂದು ಒಂದೊಂದೇ ಮುಚ್ಚಳ ತಿರುಗಿಸಿ, ಆಸಿಡ್ ಎಳೆದು, ತೇಲುವ ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು. ಮೊದಲ ಮನೆ, ಅಂದರೆ ಸೆಲ್, 1180. ಎರಡನೆಯದು 1180. ಮೂರನೆಯದು 1175. ಹೀಗೆ ಆರೂ. ತುಂಬಿದ್ದರೆ 1250ರ ಹತ್ತಿರ ಇರಬೇಕಿತ್ತು.

"ತಮ್ಮಾ, ಒಂದು ಮನೆ ಸತ್ತಿದ್ದರೆ ಅದೊಂದೇ ಬೇರೆ ತೋರಿಸುತ್ತಿತ್ತು. ಇಲ್ಲಿ ಆರಕ್ಕೆ ಆರೂ ಒಂದೇ ಸಮನೆ ಹಸಿದಿವೆ. ಬ್ಯಾಟರಿಯನ್ನು ಬೈಯಬೇಡ, ಅದಕ್ಕೆ ಊಟವೇ ಮುಟ್ಟುತ್ತಿಲ್ಲ."

"ಕಂಟ್ರೋಲರ್ ಫುಲ್ ಎನ್ನುತ್ತದಲ್ಲ ಅಣ್ಣಾ?"

ಅವರು ನಕ್ಕರು. ಅವರ ಊರು ಮಾನ್ವಿ ಕಡೆಯದು, ಮುನಿರಾಬಾದಿನಲ್ಲಿ ಶುರುವಾಗುವ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. "ಮುನಿರಾಬಾದಿನಲ್ಲಿ ಕಾಲುವೆ ತುಂಬಿ ಹರಿಯುತ್ತದೆ. ಅಲ್ಲಿ ನಿಂತು ನೋಡಿದವನು ನೀರು ಬಿಟ್ಟಾಯಿತು ಎಂದು ಬರೆದುಕೊಳ್ಳುತ್ತಾನೆ. ನಮ್ಮ ಹೊಲಕ್ಕೆ ಬಂದು ನೋಡಬೇಕು. ನಿನ್ನ ಕಂಟ್ರೋಲರ್ ಮುನಿರಾಬಾದಿನಲ್ಲಿ ನಿಂತಿದೆ."

ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಂಧನೂರು, ಮಾನ್ವಿ, ರಾಯಚೂರಿನ ರೈತರು ಪ್ರತಿವರ್ಷ ಕಾಲುವೆಯ ಮೈಲ್ 69, ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ಜಗಳಕ್ಕೆ ನಿಲ್ಲುವುದು ಇದಕ್ಕೇ. 227 ಕಿಲೋಮೀಟರ್ ಕಾಲುವೆಯಲ್ಲಿ ತಲೆಯ ಲೆಕ್ಕವೇ ಬೇರೆ, ಬಾಲದ ಲೆಕ್ಕವೇ ಬೇರೆ.

ಹಾಗಾದರೆ ನಮ್ಮ ಕಾಲುವೆ ಒಡೆದಿರುವುದು ಎಲ್ಲಿ? ಸುಳಿವು ಕೊಟ್ಟವನು ಅಕ್ಕನ ಮಗ. ಹಿಂದಿನ ರಾತ್ರಿ ನಾನು ಪಾತ್ರೆ ತೊಳೆಯುವುದನ್ನು ಅವನು ಚಿತ್ರೀಕರಿಸಿದ್ದ. ನನ್ನನ್ನು ರೇಗಿಸಲು ಬೇಕೆಂದು. ಇಗೋ, ಅದೇ ತುಣುಕು. ನಲ್ಲಿಯನ್ನು ನೋಡಬೇಡಿ, ಮೇಲಿನ ದೀಪವನ್ನು ನೋಡಿ.

"ಮಾಮಾ, ನೀನು ಪಂಪು ಒತ್ತಿದಾಗಲೆಲ್ಲ ದೀಪ ಕಣ್ಣು ಸಣ್ಣದು ಮಾಡುತ್ತದೆ."

ಮೂರು ದಿನ ಆ ದೀಪದ ಕೆಳಗೇ ನಿಂತಿದ್ದೆ, ನನಗೆ ಕಂಡಿರಲಿಲ್ಲ. ಪಂಪಿನದು ಆರು ಆಂಪಿಯರ್. ಬ್ಯಾಟರಿಯಿಂದ ಹೊರಡುವ ದಾರಿ ಸರಿಯಿದ್ದರೆ ಆರಕ್ಕೆಲ್ಲ ದೀಪ ಅಷ್ಟು ಕುಗ್ಗುವುದಿಲ್ಲ.

ಯಜಮಾನರು ಪಂಪು ಮತ್ತು ಫ್ರಿಜ್ ಎರಡನ್ನೂ ಓಡಿಸಲು ಹೇಳಿದರು, ಒಟ್ಟು ಹತ್ತು ಆಂಪಿಯರ್. ಹೊರೆ ಇಲ್ಲದೆ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ನಾನು ಮೋಸಹೋದದ್ದೂ ಅಲ್ಲಿಯೇ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದನ್ನು ವೈರುಗಳೆಲ್ಲ ಸೇರುವ ತಾಮ್ರದ ಪಟ್ಟಿಗೆ ಇಟ್ಟರು. ನಡುದಾರಿಯ ನಷ್ಟ 0.04 ವೋಲ್ಟ್. ಪರವಾಗಿಲ್ಲ. ಮೈನಸ್ ಕಡೆಯೂ ಹಾಗೆಯೇ ಇಟ್ಟರು. ಕಡ್ಡಿ ಇರಬೇಕಾದದ್ದು ಥಿಂಬಲ್, ಅಂದರೆ ವೈರಿನ ತುದಿಗೆ ಹಾಕುವ ಲೋಹದ ಬಳೆಯ ಮೇಲೆ ಅಲ್ಲ, ಸೀಸದ ಕಂಬದ ಮೇಲೆಯೇ ಇರಬೇಕು, ಗಮನಿಸಿ. 0.52.

ಅರ್ಧ ವೋಲ್ಟ್ ಅಂಗೈ ಉದ್ದದ ಒಂದು ವೈರಿನಲ್ಲಿ ಮಾಯ. ಮುಟ್ಟಿದರೆ ಥಿಂಬಲ್ ಬೆಚ್ಚಗಿತ್ತು. ಮೇಲಿನ ಕರಿಯ ರಬ್ಬರ್ ತೋಳನ್ನು ಬ್ಲೇಡಿನಿಂದ ಸೀಳಿದರು. ಒಳಗೆ ತಾಮ್ರದ ಎಳೆಗಳಿಗೆ, ತಿಂಗಳುಗಟ್ಟಲೆ ಹುಣಸೆಹಣ್ಣು ಕಾಣದ ಚೊಂಬಿನಂತೆ ಹಸಿರು ಕಿಲುಬು ಹಿಡಿದಿತ್ತು. ಬೆರಳಲ್ಲಿ ಮೆಲ್ಲಗೆ ಎಳೆದರೆ ವೈರು ಥಿಂಬಲ್‌ನಿಂದ ಹೊರಗೇ ಬಂತು. ಯಜಮಾನರು ಥಿಂಬಲ್ ತಿರುಗಿಸಿ ಅದರ ಮೇಲಿದ್ದ ಚಪ್ಪಟೆ ಗುರುತುಗಳನ್ನು ನೋಡಿದರು.

"ಇದನ್ನು ಸುತ್ತಿಗೆಯಿಂದ ಬಡಿದ ಪುಣ್ಯಾತ್ಮ ಯಾರು?"

ಅಕ್ಕನ ಮಗ ಕ್ಯಾಮೆರಾವನ್ನು ನಿಧಾನವಾಗಿ ನನ್ನ ಕಡೆ ತಿರುಗಿಸುತ್ತಾನೆ. ಈ ಭಾಗವನ್ನು ಕತ್ತರಿಸೋಣವೆಂದರೆ ಅವನು ಒಪ್ಪಲಿಲ್ಲ.

ಒಂದು ಸಡಿಲ ಥಿಂಬಲ್ ಇಡೀ ಬ್ಯಾಟರಿಯನ್ನು ಉಪವಾಸ ಕೆಡವಿದ್ದು ಹೀಗೆ. ಕಂಟ್ರೋಲರ್ ವೋಲ್ಟೇಜ್ ಅಳೆಯುವುದು ತನ್ನ ಬಾಗಿಲಲ್ಲಿ, ಬ್ಯಾಟರಿಯ ಬಾಗಿಲಲ್ಲಿ ಅಲ್ಲ. ಮಧ್ಯಾಹ್ನ 16 ಆಂಪಿಯರ್ ಹರಿಯುವಾಗ ಆ ಥಿಂಬಲ್ 0.8 ವೋಲ್ಟ್ ನುಂಗುತ್ತಿತ್ತು. ಕಂಟ್ರೋಲರ್‌ಗೆ 14.4 ಕಂಡಾಗ ಬ್ಯಾಟರಿಗೆ ಸಿಗುತ್ತಿದ್ದದ್ದು 13.6. ಆದರೆ 14.4 ಮುಟ್ಟಿತೆಂದರೆ ಕಂಟ್ರೋಲರ್ ಕರೆಂಟನ್ನು ಬಿಗಿಹಿಡಿಯಲು ಶುರುಮಾಡುತ್ತದೆ, ತನ್ನ ಎರಡು ಗಂಟೆಯ ಗಡಿಯಾರ ಮುಗಿದೊಡನೆ ಹಸಿರು ದೀಪ ಹಚ್ಚುತ್ತದೆ. ಬ್ಯಾಟರಿ ಅರ್ಧ ಹೊಟ್ಟೆಯಲ್ಲಿ ಎಲೆ ಬಿಟ್ಟು ಏಳುತ್ತದೆ. ರಾತ್ರಿ ಹರಿವು ತಿರುಗುತ್ತದೆ, ನಷ್ಟ ಮತ್ತೆ ಅಲ್ಲಿಯೇ. ಬ್ಯಾಟರಿಯಲ್ಲಿ 11.8 ಇದ್ದಾಗಲೇ ಫ್ರಿಜ್‌ನ ಪ್ಲಗ್ಗಿಗೆ ಅದಕ್ಕಿಂತ ಕಡಿಮೆ ತಲುಪಿ ಅದು ಕೂಗಿಕೊಳ್ಳುತ್ತದೆ.

ರಿಪೇರಿಯಲ್ಲಿ ನೋಡುವಂಥದ್ದು ಹೆಚ್ಚಿಲ್ಲ. ಮೊದಲು ಪ್ಯಾನೆಲ್‌ನ ವೈರು ಬಿಚ್ಚಿ, ಆಮೇಲೆ ಬ್ಯಾಟರಿಯ ಮೈನಸ್. ಬೆರಳಿನ ಉಂಗುರ ಜೇಬಿಗೆ. ಕಿಲುಬು ಹಿಡಿದ ತುದಿಯನ್ನು ಬಿಡುವುದಕ್ಕಿಂತ ಇಡೀ ತುಂಡೇ ಹೊಸದಿರಲಿ ಎಂದು 25 ಚದರ ಮಿಲಿಮೀಟರ್‌ನ ವೈರು ಹಾಕಿದರು. ತವರ ಲೇಪಿಸಿದ ಥಿಂಬಲ್‌ಗಳನ್ನು ಉದ್ದ ಹಿಡಿಯ ಕ್ರಿಂಪಿಂಗ್ ಟೂಲಿನಲ್ಲಿ ಇಟ್ಟು ಒತ್ತಿದರು. ಕಂಬ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಅದೇ ಹತ್ತು ಆಂಪಿಯರ್‌ಗೆ ಮೀಟರ್ ಈಗ 0.03. ರಾತ್ರಿಯಿಡೀ ಅಂಗಡಿಯ ಚಾರ್ಜರ್‌ನಲ್ಲಿ ನಿಧಾನವಾಗಿ ತುಂಬಿಸಿದರು. ಬೆಳಿಗ್ಗೆ ಹೈಡ್ರೋಮೀಟರ್ 1235. ಹಳೆಯ 1250 ಇನ್ನು ಬರಲಿಕ್ಕಿಲ್ಲ. ಅರೆಹೊಟ್ಟೆಯಲ್ಲಿ ಬಹಳ ದಿನ ಇಟ್ಟರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಎಲ್ಲಾ ಸೇರಿ ಅವರು ತೆಗೆದುಕೊಂಡದ್ದು 450 ರೂಪಾಯಿ. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಮತ್ತೆ ಅದೇ ಹೊಲ, ಅದೇ ಕಪ್ಪೆಗಳು. ಅಭ್ಯಾಸಬಲದಿಂದ 2 ಗಂಟೆ 40ಕ್ಕೆ ಎಚ್ಚರವಾಯಿತು. ಫ್ಯಾನ್ ಮುಖಕ್ಕೆ ಬೀಸುತ್ತಿತ್ತು, ಫ್ರಿಜ್ ಗುಂಯ್ ಎನ್ನುತ್ತಿತ್ತು, ಮೀಟರ್ 12.3. ನಿದ್ದೆ ಮಾತ್ರ ಬರಲಿಲ್ಲ. ಎರಡು ವರ್ಷದ ಹಿಂದೆ ಆ ಸುತ್ತಿಗೆ ಹಿಡಿದು ಕೂತಿದ್ದ ಮಧ್ಯಾಹ್ನ ಕಣ್ಣ ಮುಂದೆ ಬಂತು. ಅವತ್ತು ನಾನು ಬಡಿದದ್ದು ಒಂದು ಥಿಂಬಲ್ ಅಲ್ಲ, ನಾಲ್ಕು. ಟಾರ್ಚ್ ಹಿಡಿದು ಸೀಟಿನ ಕೆಳಗಿನ ಹಲಗೆ ಎತ್ತುತ್ತಿರುವುದು ಕಾಣುತ್ತಿದೆಯಲ್ಲ, ಉಳಿದ ಮೂರನ್ನು ಹುಡುಕುತ್ತಿದ್ದೇನೆ.